ಪುಡಿಯು ಬಿಲ್ಲೆಯಾಗುವ ಬಗೆ

ರಂಗೋಲಿಯ ಪುಡಿಯನ್ನು ಹಿಡಿತುಂಬ ತೆಗೆದುಕೊಂಡು ಬಿಗಿಯಾಗಿ ಅದುಮಿ, ಕೈ ಬಿಚ್ಚಿ ನೋಡಿರಿ. ಅದು ಬೆರಳ ಸಂದಿನಿಂದ ಜಾರಿ ಹೋಗುವುದೇ ಹೊರತು ಉಂಡೆಯಾಗದು. ಕುಂಕುಮವನ್ನೋ ಮೈದಾಹಿಟ್ಟನ್ನೋ ಹಾಗೆಯೇ ಅದುಮಿದರೆ, ಬೆರಳ ಗುರುತುಗಳನ್ನು ಹೊತ್ತ ಹೆಂಟೆಯೊಂದು ಅಂಗೈಯಲ್ಲಿ ಉಳಿಯುವುದು. ಎರಡೂ ಒಣಪುಡಿಗಳೇ; ಅದುಮಿದ ಕೈಯೂ ಒಂದೇ. ಹೀಗಿರುವಾಗ ಈ ವ್ಯತ್ಯಾಸಕ್ಕೆ ಕಾರಣವೇನು?

ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟವಳು ಬಿ.ಎಸ್‌ಸಿ. ತರಗತಿಯ ಒಬ್ಬ ವಿದ್ಯಾರ್ಥಿನಿ. ಆಕೆ ಭರತನಾಟ್ಯ ಕಲಿತವಳು. ರಂಗಕ್ಕೆ ಹೋಗುವ ಮುನ್ನ ರೆಪ್ಪೆಯ ಮೇಲೆ ಹಚ್ಚಿಕೊಂಡಿದ್ದ ಖನಿಜವರ್ಣದ ಸಡಿಲಪುಡಿ ನಾಟ್ಯದ ನಡುವೆ ಕಣ್ಣೊಳಗೆ ಉದುರಿತಂತೆ. ಅಭಿನಯವನ್ನೆಲ್ಲ ಹೊರಬೇಕಾದ ಕಣ್ಣು ಕೆಂಪಾಗಿ ನೀರು ಸುರಿಸತೊಡಗಿತು. "ಅಂಗಡಿಯಲ್ಲಿ ಬಿಲ್ಲೆಯಾಗಿ ದೊರೆಯುವ ಐಶ್ಯಾಡೊ ಇಷ್ಟು ಉದುರುವುದಿಲ್ಲ. ಈ ಪುಡಿಯನ್ನು ಮನೆಯಲ್ಲಿಯೇ ಬಿಲ್ಲೆಯಾಗಿ ಒತ್ತಲು ಸಾಧ್ಯವೇ?" ಎಂದು ಡಬ್ಬಿಗಳೊಡನೆ ಪ್ರಯೋಗಶಾಲೆಗೆ ಬಂದಳು. ಬಲವಾಗಿ ಒತ್ತಿದರೆ ಮುಗಿಯಿತೆಂದು ನಾನು ಭಾವಿಸಿದ್ದೆ. ಆ ಭಾವನೆ ಎಷ್ಟು ತಪ್ಪೆಂಬುದು ಒಂದೇ ವಾರದಲ್ಲಿ ತಿಳಿದುಬಂದಿತು.

ಮೊದಲು ಡಬ್ಬಿಯಲ್ಲಿರುವುದು ಏನೆಂಬುದನ್ನು ನೋಡೋಣ. ಇಂಥ ಪುಡಿಗಳಲ್ಲಿ ಕೆಂಪು, ಹಳದಿ, ಕಪ್ಪು ಛಾಯೆಗಳಿಗೆ ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡುಗಳೇ ಆಧಾರ. ಕೆಂಪಿನದು ಹೆಮಟೈಟ್, ಸಂಡೂರಿನ ಬೆಟ್ಟಗಳ ಅದಿರೂ, ಹಳ್ಳಿಯ ಮನೆಗಳಿಗೆ ಬಳಿಯುವ ಜಾಜಿನ ಕೆಂಪೂ ಇದೇ. ಹಳದಿಯದು ನೀರಿನಂಶ ಕೂಡಿದ ಆಕ್ಸೈಡ್. ಕಪ್ಪಿನದು ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನಟೈಟ್. ಇನ್ನು ಹೊಳಪು ಬರುವುದು ಅಭ್ರಕದಿಂದ, ನಮ್ಮ ಜನ ಕಾಗೆಬಂಗಾರವೆಂದು ಕರೆಯುವ ಖನಿಜದಿಂದ. ಪದರ ಪದರವಾಗಿ ಬಿಟ್ಟುಕೊಳ್ಳುವುದು ಅದರ ಸ್ವಭಾವ. ಎಷ್ಟು ನುಣ್ಣಗೆ ಮಾಡಿದರೂ ಅದರ ಕಣವು ಗುಂಡಗಾಗದೆ ತೆಳ್ಳನೆಯ ತಟ್ಟೆಯಾಗಿಯೇ ಉಳಿಯುವುದು.

ಈ ತಟ್ಟೆಗಳಿಗೆ ಟೈಟಾನಿಯಂ ಡೈಆಕ್ಸೈಡಿನ ಲೇಪ ಕೊಟ್ಟಾಗ, ಸಾಬೂನಿನ ಗುಳ್ಳೆಯಲ್ಲಿ ಕಾಣುವಂಥ ವ್ಯತಿಕರಣದ ಬಣ್ಣಗಳು ಮೂಡುತ್ತವೆ. ಲೇಪದ ದಪ್ಪ ೫೦ ನ್ಯಾನೊಮೀಟರಿನಷ್ಟಿದ್ದರೆ ಬೆಳ್ಳಿಯ ಬಿಳುಪು, ೧೨೦ ರಷ್ಟಾದರೆ ನೀಲಿ. ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ನೀಲಿಯ ಲೆಕ್ಕವನ್ನು ಕಾಲೇಜಿನ ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಲೇಪದ ವಕ್ರೀಭವನಾಂಕ ಸುಮಾರು ೨.೫, ಆದುದರಿಂದ ಬೆಳಕು ಅದರೊಳಗೆ ಹೋಗಿ ಬರುವ ದ್ಯುತಿಪಥ ೨ × ೨.೫ × ೧೨೦, ಅಂದರೆ ೬೦೦ ನ್ಯಾನೊಮೀಟರ್. ಲೇಪದ ಮೇಲುಗಡೆ ಪ್ರತಿಫಲಿಸುವ ಅಲೆಯು ಅರ್ಧ ಅಲೆಯುದ್ದದಷ್ಟು ಪಲ್ಲಟಗೊಳ್ಳುವುದರಿಂದ, ೬೦೦ ರ ಆಸುಪಾಸಿನ ಕಿತ್ತಳೆ ಅಳಿದು ನೀಲಿಯು ಉಳಿಯುವುದು. ಇದು ತಿಳಿದಿದ್ದೂ ನಾನು ಮೊದಲ ದಿನ ನೀಲಿಯ ಪುಡಿಯನ್ನು ಕಲ್ವದಲ್ಲಿ ಹಾಕಿ ಚೆನ್ನಾಗಿ ಅರೆದೆ. ಹತ್ತು ನಿಮಿಷದಲ್ಲಿ ಮಿನುಗೆಲ್ಲ ಹೋಗಿ ಬೂದಿಯಂಥ ಪುಡಿ ಉಳಿಯಿತು. ತಟ್ಟೆಗಳು ಮುರಿದು, ಅವುಗಳ ಅಂಚುಗಳು ಬೆಳಕನ್ನು ಎಲ್ಲೆಡೆ ಚದುರಿಸತೊಡಗಿದ್ದವು. ಮಿನುಗುಪುಡಿಯನ್ನು ಕಲಸಬಹುದು, ಅರೆಯಲಾಗದು. ಹೊಳಪಿಲ್ಲದ ಬಣ್ಣಗಳನ್ನಾದರೆ ಎಷ್ಟು ಬೇಕಾದರೂ ಅರೆಯಬಹುದು.

ಈಗ ರಂಗೋಲಿ ಕುಂಕುಮಗಳ ಪ್ರಶ್ನೆಗೆ ಬರೋಣ. ಯಾವುದೇ ಎರಡು ಕಣಗಳು ಅತಿ ಸಮೀಪಕ್ಕೆ ಬಂದಾಗ ಅವುಗಳ ನಡುವೆ ಒಂದು ದುರ್ಬಲವಾದ ಆಕರ್ಷಣೆ ತೋರುವುದು. ೧೯೧೦ ರಲ್ಲಿ ನೊಬೆಲ್ ಬಹುಮಾನ ಪಡೆದ ಡಚ್ ವಿಜ್ಞಾನಿ ವಾನ್ ಡರ್ ವಾಲ್ಸನ ಹೆಸರು ಇದಕ್ಕಿದೆ. ಗುಂಡನೆಯ ಕಣಗಳಲ್ಲಿ ಈ ಆಕರ್ಷಣೆಯು ಕಣದ ವ್ಯಾಸದ ಪ್ರಮಾಣದಲ್ಲಿರುವುದು. ಕಣದ ತೂಕವಾದರೋ ವ್ಯಾಸದ ಘನದ ಪ್ರಮಾಣದಲ್ಲಿರುವುದು. ರಂಗೋಲಿಯ ಒಂದು ಕಣ ಅರ್ಧ ಮಿಲಿಮೀಟರ್ ಇದೆಯೆನ್ನಿ. ಅದರ ನೂರರಲ್ಲೊಂದು ಪಾಲು, ಎಂದರೆ ೫ ಮೈಕ್ರಾನ್ ಅಗಲದ ಕಣವನ್ನು ತೆಗೆದುಕೊಂಡರೆ, ಆಕರ್ಷಣೆ ನೂರು ಪಟ್ಟು ಕುಗ್ಗಿತು. ತೂಕವು ಹತ್ತು ಲಕ್ಷ ಪಟ್ಟು ಕುಗ್ಗಿತು. ತೂಕದೊಡನೆ ಹೋಲಿಸಿದರೆ ಅಂಟು ಹತ್ತು ಸಾವಿರ ಪಟ್ಟು ಹೆಚ್ಚಿದಂತಾಯಿತು. ದೊಡ್ಡ ಕಣವು ತನ್ನ ಭಾರಕ್ಕೇ ಕಳಚಿಕೊಂಡು ಬೀಳುವುದು, ಸಣ್ಣದು ನೆರೆಯವನನ್ನು ಹಿಡಿದುಕೊಂಡಿರುವುದು. ವ್ಯತ್ಯಾಸವಿಷ್ಟೆ.

ಆದರೆ ಈ ಆಕರ್ಷಣೆಯು ಕೆಲವೇ ನ್ಯಾನೊಮೀಟರುಗಳ ಅಂತರದಲ್ಲಿ ಮಾತ್ರ ಪರಿಣಾಮಕಾರಿ. ಸಡಿಲಪುಡಿಯ ಗಾತ್ರದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಬರಿಯ ಗಾಳಿ. ಒತ್ತುವುದೆಂದರೆ ಈ ಗಾಳಿಯನ್ನು ಹೊರದೂಡಿ ಕಣಗಳನ್ನು ಹತ್ತಿರ ತರುವುದು. ನಮ್ಮ ಒತ್ತಡವೆಷ್ಟು? ಬಿಲ್ಲೆಯ ಲೋಹದ ಪ್ಯಾನು ಸಾಮಾನ್ಯವಾಗಿ ೨೬ ಮಿಲಿಮೀಟರ್ ವ್ಯಾಸದ್ದು. ಅದರೊಳಗೆ ಹಿಡಿಸುವ ಒತ್ತುಗೆಯಾಗಿ, ೨೩ ಮಿಲಿಮೀಟರ್ ವ್ಯಾಸದ ಹಿತ್ತಾಳೆ ಬಣ್ಣದ ೫ ರೂಪಾಯಿಯ ನಾಣ್ಯವನ್ನು ಬಟ್ಟೆಯಲ್ಲಿ ಸುತ್ತಿ ಬಳಸಿದೆವು. ತೂಕದ ಯಂತ್ರದ ಮೇಲೆ ಪ್ಯಾನನ್ನಿಟ್ಟು ಹೆಬ್ಬೆರಳಿನಿಂದ ಒತ್ತಿದಾಗ ಮುಳ್ಳು ಸುಮಾರು ೧೦ ಕಿಲೋಗ್ರಾಂ ತೋರಿಸಿತು. ನಾಣ್ಯದ ವಿಸ್ತೀರ್ಣ ೪.೧೫ ಚದರ ಸೆಂಟಿಮೀಟರ್. ಆದುದರಿಂದ ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು ೨.೪ ಕಿಲೋಗ್ರಾಂ, ವಾಯುಮಂಡಲದ ಒತ್ತಡದ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು. ಕಾರ್ಖಾನೆಯ ಒತ್ತುಯಂತ್ರದ ಮುಂದೆ ಇದು ಬಹಳ ಅಲ್ಪ. ಒಣಪುಡಿಯನ್ನು ಹೀಗೆ ಒತ್ತಿದ ನಮ್ಮ ಮೊದಲ ಬಿಲ್ಲೆ ನೋಡಲು ಅಂದವಾಗಿತ್ತು. ಮೇಜಿಗೆ ಮೊಣಕೈ ತಗಲಿದೊಡನೆ ಮತ್ತೆ ಪುಡಿಯಾಯಿತು.

ಹೆಬ್ಬೆರಳಿಗಿಲ್ಲದ ಬಲವನ್ನು ದ್ರವದಿಂದ ಕಡ ತರಬೇಕು. ಪುಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಕಲಸಿ ಮುದ್ದೆ ಮಾಡಿದರೆ, ಕಣ ಕಣಗಳ ನಡುವಣ ಸಂದುಗಳಲ್ಲಿ ದ್ರವವು ಸೇತುವೆಗಳಂತೆ ನಿಲ್ಲುವುದು. ಆರುತ್ತ ಬಂದಂತೆ ಸೇತುವೆಗಳ ಮೈ ಒಳಕ್ಕೆ ಬಾಗಿ, ಅದರ ಮೇಲ್ಮೈ ಎಳೆತವು ಕಣಗಳನ್ನು ಒಂದರ ಬಳಿಗೊಂದನ್ನು ಸೆಳೆಯುವುದು. ಬಾಗಿನ ತ್ರಿಜ್ಯವು ಒಂದು ಮೈಕ್ರಾನ್ ಎಂದಿಟ್ಟುಕೊಂಡರೆ, ಮೇಲ್ಮೈ ಎಳೆತದ ಇಮ್ಮಡಿಯನ್ನು ತ್ರಿಜ್ಯದಿಂದ ಭಾಗಿಸಿದಾಗ ಈ ಸೆಳೆತದ ಒತ್ತಡ ದೊರೆಯುವುದು. ಆಲ್ಕೊಹಾಲಿನ ಎಳೆತ ಸೆಂಟಿಮೀಟರಿಗೆ ಸುಮಾರು ೨೨ ಡೈನ್. ಒತ್ತಡವು ಚದರ ಸೆಂಟಿಮೀಟರಿಗೆ ೦.೪೫ ಕಿಲೋಗ್ರಾಮಿನಷ್ಟು. ಹೆಬ್ಬೆರಳಿನ ಬಲದ ಐದರಲ್ಲೊಂದು ಪಾಲೆಂದು ಇದನ್ನು ಕಡೆಗಾಣಬೇಡಿ. ಹೆಬ್ಬೆರಳು ಒತ್ತುವುದು ಮೇಲಿನಿಂದ, ಕೆಲವು ಕ್ಷಣಕಾಲ. ದ್ರವವು ಒತ್ತುವುದು ಒಳಗಿನಿಂದ, ಪ್ರತಿಯೊಂದು ಸಂದಿನಲ್ಲಿಯೂ, ಗಂಟೆಗಟ್ಟಲೆ.

ನೀರಿನ ಎಳೆತ ೭೩ ಡೈನ್; ಅದು ಮೂರು ಪಟ್ಟಿಗೂ ಹೆಚ್ಚು ಬಲವಾಗಿ ಸೆಳೆಯುವುದಷ್ಟೆ, ನೀರೇ ಏಕಾಗಬಾರದೆಂದು ವಿದ್ಯಾರ್ಥಿನಿ ಕೇಳಿದಳು. ಒಳ್ಳೆಯ ಪ್ರಶ್ನೆ. ನೀರಿನಲ್ಲಿ ಕಲಸಿ ನೋಡಿದೆವು. ಮರುದಿನ ಬೇಸಗೆಯ ಕೆರೆಯಂಗಳದಂತೆ ಬಿಲ್ಲೆಯೆಲ್ಲ ಬಿರುಕುಬಿಟ್ಟಿತ್ತು. ಸೆಳೆತವು ಅತಿಯಾಗಿ ಬಿಲ್ಲೆ ಕುಗ್ಗುವುದು; ಪ್ಯಾನಿನ ತಳಕ್ಕೆ ಅಂಟಿದ ಭಾಗ ಕುಗ್ಗಲಾರದು; ನಡುವೆ ಹರಿಯುವುದು. ಅಲ್ಲದೆ ನೀರು ಕಬ್ಬಿಣದ ಪ್ಯಾನಿಗೆ ತುಕ್ಕು ಹಿಡಿಸುವುದು, ಬೂಷ್ಟಿಗೆ ಆಶ್ರಯ ಕೊಡುವುದು. ಕಣ್ಣಿಗೆ ಹಚ್ಚುವ ವಸ್ತುವಿನಲ್ಲಿ ಇದು ಸಲ್ಲದು. ಕೈ ತೊಳೆಯುವ ಸ್ಯಾನಿಟೈಸರಿನಲ್ಲಿ ಗ್ಲಿಸರಿನ್ನೂ ಮಂದಕಾರಿಗಳೂ ಬೆರೆತಿರುವುದರಿಂದ ಅದೂ ಬೇಡ.

ಆಲ್ಕೊಹಾಲು ಪೂರ್ತಿಯಾಗಿ ಹಾರಿಹೋದಮೇಲೆ ಸೇತುವೆಗಳೂ ಇಲ್ಲವಾಗುವುವು. ಆಗಲೂ ಉಳಿಯುವ ಸೇತುವೆ ಬೇಕಾದರೆ ಹಾರಿಹೋಗದ ದ್ರವವೊಂದನ್ನು ಮೊದಲೇ ಸೇರಿಸಿರಬೇಕು. ಎಣ್ಣೆಯ ಕೆಲಸ ಇದು. ೨ ಗ್ರಾಂ ಪುಡಿಗೆ ನಾವು ಹೊಹೊಬಾ ಎಣ್ಣೆಯ ೪ ತೊಟ್ಟುಗಳನ್ನು ಹಾಕಿದೆವು, ತೊಟ್ಟಿಗೆ ೦.೦೩ ಗ್ರಾಮಿನಂತೆ ಪುಡಿಯ ನೂರಕ್ಕೆ ೬ ರಷ್ಟಾಯಿತು. ಕೊಬ್ಬರಿ ಎಣ್ಣೆ ಸುಮಾರು ೨೪ ಡಿಗ್ರಿ ಸೆಲ್ಸಿಯಸಿನ ಕೆಳಗೆ ಹೆಪ್ಪುಗಟ್ಟುವುದು. ಅದನ್ನು ಹಾಕಿದ ಬಿಲ್ಲೆ ಮಧ್ಯಾಹ್ನ ಒಂದು ರೀತಿ, ಮಾಗಿಯ ಮುಂಜಾನೆ ಇನ್ನೊಂದು ರೀತಿ. ಎಣ್ಣೆ ಹೆಚ್ಚಾದರೆ ಬೇರೊಂದು ತೊಡಕು: ಮೇಲ್ಮೈ ಗಾಜಿನಂತೆ ಗಟ್ಟಿಯಾಗಿ ಬಣ್ಣವು ಬೆರಳಿಗೇ ಬಾರದು.

ಒತ್ತುವ ಕ್ರಮ ಹೇಳಿಬಿಡುತ್ತೇನೆ. ಪುಡಿಗೆ ಎಣ್ಣೆ ಹಾಕಿ, ಗಂಟುಗಳಿಲ್ಲದಂತೆ ಕಲಸಬೇಕು. ಬಳಿಕ ನೂರಕ್ಕೆ ೯೦ ಕ್ಕೂ ಮೇಲ್ಪಟ್ಟು ಶುದ್ಧವಾದ ಆಲ್ಕೊಹಾಲನ್ನು ತೊಟ್ಟುತೊಟ್ಟಾಗಿ ಬೆರೆಸಿ, ದೋಸೆಹಿಟ್ಟಿಗಿಂತ ಗಟ್ಟಿಯಾದ ಹದಕ್ಕೆ ತಂದು ಪ್ಯಾನಿಗೆ ತುಂಬಿ, ಅಂಚನ್ನು ಮೆಲ್ಲನೆ ತಟ್ಟಿ ಗಾಳಿಗುಳ್ಳೆಗಳನ್ನು ಬಿಡಿಸಬೇಕು. ಅರ್ಧ ಆರಿದ ಮೇಲೆ ಬಟ್ಟೆ ಸುತ್ತಿದ ನಾಣ್ಯದಿಂದ ಮೊದಲು ಹಗುರವಾಗಿ, ಆಮೇಲೆ ಬಲವಾಗಿ ಒತ್ತಬೇಕು. ಮಿಕ್ಕ ದ್ರವವನ್ನು ಬಟ್ಟೆ ಹೀರಿಕೊಳ್ಳುವುದು. ಒಂದು ಹಗಲೂ ರಾತ್ರಿಯೂ ನೆರಳಲ್ಲಿ ಆರಲಿ. ಬಿಸಿಲಿಗಿಟ್ಟರೆ ಮೇಲ್ಪದರ ಮೊದಲು ಆರಿ ಬಿರಿಯುವುದು. ಹಸಿಯಾಗಿರುವಾಗ ಬಣ್ಣ ಕಪ್ಪಿಟ್ಟಂತೆ ಕಂಡರೆ ಗಾಬರಿ ಬೇಡ. ಗಾಳಿಯ ಎಡೆಯಲ್ಲಿ ೧.೩೮ ವಕ್ರೀಭವನಾಂಕದ ಆಲ್ಕೊಹಾಲು ತುಂಬಿರುವುದರಿಂದ ಬೆಳಕು ಕಡಿಮೆ ಚದುರುವುದು. ಆರಿದಾಗ ಮೊದಲಿನ ಬಣ್ಣ ಮರಳುವುದು.

ಕೆಲವು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಬೇಕು. ಐಸೊಪ್ರೊಪೈಲ್ ಆಲ್ಕೊಹಾಲು ಸುಮಾರು ೧೨ ಡಿಗ್ರಿಯಲ್ಲಿಯೇ ಹೊತ್ತಿಕೊಳ್ಳಬಲ್ಲ ಆವಿಯನ್ನು ಕೊಡುತ್ತದೆ. ನಮ್ಮ ನಾಡಿನ ಎಲ್ಲ ಹಗಲುಗಳೂ ಅದಕ್ಕಿಂತ ಬೆಚ್ಚಗಿನವೇ. ಒಲೆಯಿರುವ ಅಡುಗೆಮನೆಯಲ್ಲಿ ಈ ಕೆಲಸ ಬೇಡ, ದೇವರ ದೀಪದ ಬಳಿಯಲ್ಲಿಯೂ ಬೇಡ; ಕಿಟಕಿಗಳು ತೆರೆದಿರಲಿ. ಅಭ್ರಕದ ದೂಳು ಶ್ವಾಸಕೋಶಕ್ಕೆ ಹಿತವಲ್ಲದ್ದರಿಂದ ಮೂಗಿಗೆ ಮುಸುಕು ಇರಬೇಕು. ಪುಡಿಯು ಕಣ್ಣಿನ ಬಳಿ ಬಳಸಲೆಂದೇ ತಯಾರಾದುದಾಗಿರಬೇಕು. ರಂಗೋಲಿಯ ಬಣ್ಣ, ಹೋಳಿಯ ಬಣ್ಣ, ಕಾಗದಕ್ಕೆ ಅಂಟಿಸುವ ಮಿನುಗುಚೂರು, ಇವಾವುವೂ ಸಲ್ಲವು. ಮಿನುಗುಚೂರಿನ ಹರಿತವಾದ ಅಂಚು ಕಣ್ಣಿನ ಪಾರದರ್ಶಕ ಪಟಲವನ್ನು ಗೀರಬಲ್ಲದು. ಜಾಜೂ ಹೆಮಟೈಟೇ ತಾನೇ ಎಂದು ನೆಲದಿಂದ ಅಗೆದುದನ್ನು ಅರೆಯಬಾರದು. ನೆಲದ ಕೆಮ್ಮಣ್ಣಿನೊಡನೆ ಸೀಸ, ಆರ್ಸೆನಿಕ್ ಮೊದಲಾದುವು ಬೆರೆತಿರುವುದುಂಟು. ಆದುದರಿಂದಲೇ ಪ್ರಸಾಧನಕ್ಕೆ ಕೃತಕವಾಗಿ ತಯಾರಿಸಿದ ಆಕ್ಸೈಡನ್ನು ಬಳಸುವರು. ಪ್ರಾಚೀನ ಈಜಿಪ್ಟಿನವರು ಕಣ್ಣಿಗೆ ಹಚ್ಚುತ್ತಿದ್ದ ಕಪ್ಪು ಬಹುಮಟ್ಟಿಗೆ ಗೆಲೀನಾ, ಎಂದರೆ ಸೀಸದ ಸಲ್ಫೈಡ್. ಕೆಲವು ಬಗೆಯ ಸುರ್ಮಾದಲ್ಲಿ ಅದು ಇಂದಿಗೂ ಕಂಡುಬಂದಿದೆ. ಬಣ್ಣಕ್ಕಾಗಿ ಸೀಸದ ಇಲ್ಲವೆ ಆರ್ಸೆನಿಕ್ಕಿನ ಸಂಯುಕ್ತಗಳನ್ನು ಸೇರಿಸುವುದನ್ನು ನಮ್ಮ ದೇಶದ ಪ್ರಸಾಧನ ಸಾಮಗ್ರಿಗಳ ನಿಯಮಗಳು ನಿಷೇಧಿಸಿವೆ.

ಬಿಲ್ಲೆ ಗಟ್ಟಿಯಾಯಿತೇ ಎಂದು ತಿಳಿಯಲು ಕಾರ್ಖಾನೆಯವರಂತೆ ನಾವೂ ಬೀಳಿಸಿ ನೋಡಿದೆವು. ೨೦ ಸೆಂಟಿಮೀಟರ್ ಎತ್ತರದಿಂದ ಮರದ ಹಲಗೆಯ ಮೇಲೆ ಬಿದ್ದ ಪ್ಯಾನು ಅರ್ಧ ಮಿಲಿಮೀಟರಿನೊಳಗೆ ನಿಂತಿತೆಂದುಕೊಂಡರೆ, ಅದರ ವೇಗಹ್ರಾಸವು ಗುರುತ್ವದ ೪೦೦ ಪಟ್ಟು. ಆ ಕ್ಷಣದಲ್ಲಿ ಪ್ರತಿಯೊಂದು ಕಣವೂ ತನ್ನ ತೂಕದ ನಾನೂರರಷ್ಟು ಭಾರವಾದಂತೆ ನೆರೆಯ ಕಣದಿಂದ ಕಳಚಿಕೊಳ್ಳಲು ಎಳೆಯುವುದು. ಕೆಂಪೂ, ಅರೆಯದೆ ಕಲಸಿದ ನೀಲಿಯೂ ಈ ಪರೀಕ್ಷೆಯಲ್ಲಿ ಗೆದ್ದುವು. ಅಭ್ರಕ ಹೆಚ್ಚಾಗಿರುವ ನೀಲಿಯಲ್ಲಿ ತಟ್ಟೆಗಳು ಒತ್ತುವಾಗ ಇಸ್ಪೀಟೆಲೆಗಳಂತೆ ಒಂದರ ಮೇಲೊಂದು ಮಲಗಿ, ಹೊಳಪೂ ಹಿಡಿತವೂ ಒಟ್ಟಿಗೆ ಹೆಚ್ಚಿದ್ದುವು.

ಹಳದಿ ಮಾತ್ರ ಮೂರು ಸಲವೂ ಒಡೆದು ಚೂರಾಯಿತು. ನಮ್ಮಾಕೆಗೆ ಅತ್ಯವಶ್ಯವಾಗಿ ಬೇಕಾದ ಬಣ್ಣವೂ ಅದೇ ಆಗಿತ್ತು. ಅಳತೆ, ಎಣ್ಣೆ, ಒತ್ತಡ ಎಲ್ಲವೂ ಕೆಂಪಿನಂತೆಯೇ ಇದ್ದುವು. ಕೊನೆಗೆ ಕಾರಣವು ಕಣದ ಆಕಾರದಲ್ಲಿ ಸಿಕ್ಕಿತು. ಹಳದಿಯ ಆಕ್ಸೈಡಿನ ಕಣಗಳು ಸೂಜಿಯಂತೆ ನೀಳವಾದವು. ಹುಲ್ಲಿನ ಮೆದೆಯಂತೆ ಅಡ್ಡಾದಿಡ್ಡಿಯಾಗಿ ಬೀಳುವುದರಿಂದ ಅವುಗಳ ನಡುವೆ ಸಂದು ಹೆಚ್ಚು, ಮೈ ಹೆಚ್ಚು, ಕುಡಿಯುವ ಎಣ್ಣೆಯೂ ಹೆಚ್ಚು. ನಾವು ಹಾಕಿದ ೪ ತೊಟ್ಟು ಕಣಗಳ ಮೈಗೇ ಸವೆದುಹೋಗಿ ಸೇತುವೆ ಕಟ್ಟಲು ಏನೂ ಉಳಿದಿರಲಿಲ್ಲ. ೭ ತೊಟ್ಟು ಹಾಕಿ ಒತ್ತಿದ ನಾಲ್ಕನೆಯ ಬಿಲ್ಲೆಯನ್ನು ಆಕೆಯೇ ಹಲಗೆಯ ಮೇಲೆ ಬೀಳಿಸಿದಳು. ಅಂಚಿನಲ್ಲಿ ಒಂದಿಷ್ಟು ಉದುರಿತು, ಬಿಲ್ಲೆ ನಿಂತಿತು.