ಪುಸ್ತಕ ಮುಚ್ಚಲು ಅವಳಿಗೆ ನಿಮ್ಮ ಅಪ್ಪಣೆ ಬೇಕು

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ, ಎಂಟನೇ ತರಗತಿ. ಬೆಳಿಗ್ಗೆ ಎಂಟಕ್ಕೆ ಶಾಲೆಯ ವ್ಯಾನ್ ಬರುತ್ತದೆ. ಸಂಜೆ ಐದಕ್ಕೆ ಮನೆ ಸೇರುತ್ತಾಳೆ, ಆರರಿಂದ ಏಳೂವರೆಯವರೆಗೆ ಟ್ಯೂಷನ್. ಊಟ ಮಾಡಿ ಹೋಂವರ್ಕ್‌ಗೆ ಕೂತರೆ ಏಳುವುದು ಹನ್ನೊಂದೂವರೆಗೆ, ಕೆಲವು ದಿನ ಹನ್ನೆರಡಕ್ಕೆ. ಬೆಳಗಿನ ಜಾವ ಓದಿದ್ದು ತಲೆಯಲ್ಲಿ ಉಳಿಯುತ್ತದೆ ಎಂದು ನಮ್ಮ ಅತ್ತೆ ಹೇಳುವುದರಿಂದ ಐದಕ್ಕೇ ಎಬ್ಬಿಸುತ್ತೇನೆ. ಟೆಸ್ಟ್ ಇದ್ದಾಗ ನಿದ್ದೆ ಬರದಿರಲಿ ಎಂದು ರಾತ್ರಿ ಕಾಫಿಯನ್ನೂ ಮಾಡಿಕೊಟ್ಟಿದ್ದೇನೆ. ಹೋದ ವಾರ ಅನ್ನದ ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸಿದಳು. ನಾನು ಗದರಿದೆ. ಅಳುತ್ತಾ, ‘ಅಮ್ಮಾ, ಒಂದೇ ಒಂದು ದಿನ ಬೇಗ ಮಲಗ್ಲಾ?’ ಅಂದಳು. ಆ ಮಾತು ನನ್ನನ್ನು ಬಿಡುತ್ತಿಲ್ಲ. ಮಲಗು ಅಂದರೆ ಮರುದಿನ ಹೋಂವರ್ಕ್ ಮಾಡಿಲ್ಲವೆಂದು ತರಗತಿಯ ಹೊರಗೆ ನಿಲ್ಲಿಸುತ್ತಾರೆ. ಓದು ಅಂದರೆ ಅವಳ ಮುಖ ನೋಡಲಾಗುವುದಿಲ್ಲ. ಈಗಲೇ ಹೀಗಾದರೆ ಎಸ್ಸೆಸ್ಸೆಲ್ಸಿಗೆ ಏನು ಗತಿ?
— ಹೆಸರು ಬೇಡ, ದಾವಣಗೆರೆ

ಸೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗದರಿದ್ದನ್ನು ನೀವು ಮುಚ್ಚಿಡಲಿಲ್ಲ, ಕಾಫಿ ಕೊಟ್ಟಿದ್ದನ್ನೂ ಬರೆದಿದ್ದೀರಿ. ಮಗಳ ಒಂದು ಮಾತು ವಾರವಾದರೂ ನಿಮ್ಮನ್ನು ಚುಚ್ಚುತ್ತಿದೆ ಎಂದರೆ ಅವಳ ಕಷ್ಟ ನಿಮಗೆ ಕಾಣಿಸಿದೆ ಎಂದೇ ಅರ್ಥ. ಅವಳನ್ನು ಎಬ್ಬಿಸಲು ಅವಳಿಗಿಂತ ಮುಂಚೆ ನೀವು ಏಳುತ್ತೀರಿ, ಅವಳು ಬರೆದು ಮುಗಿಸುವ ತನಕ ಪಕ್ಕದಲ್ಲೇ ಕೂತಿರುತ್ತೀರಿ. ಈ ಮನೆಯಲ್ಲಿ ನಿದ್ದೆ ಕೆಟ್ಟಿರುವುದು ಇಬ್ಬರಿಗೆ. ಕೆಟ್ಟ ತಾಯಿಯಾದೆನೇ ಎಂಬ ಪ್ರಶ್ನೆ ನಿಮ್ಮ ಸಾಲುಗಳ ನಡುವೆ ನನಗೆ ಕೇಳಿಸಿತು. ಇಲ್ಲ. ಮಗಳು ಹಿಂದೆ ಬಿದ್ದುಬಿಟ್ಟರೆ ಎಂಬ ಹೆದರಿಕೆ ಇಂದು ಹೆತ್ತವರೆಲ್ಲರ ಎದೆಯಲ್ಲೂ ಇದೆ. ನಿಮ್ಮ ಮನೆಯಲ್ಲಿ ಅದು ಐದು ಗಂಟೆಯ ಅಲಾರಂ ಆಗಿದೆ, ಅಷ್ಟೇ.

ಈಗ ಆ ಮಾತಿಗೆ ಬರೋಣ. ‘ಒಂದೇ ಒಂದು ದಿನ ಬೇಗ ಮಲಗ್ಲಾ?’ ಹಸಿದ ಮಗು ‘ಉಣ್ಣಲಾ?’ ಎಂದು ಅಪ್ಪಣೆ ಕೇಳುವುದಿಲ್ಲ, ‘ಹಸಿವು’ ಎನ್ನುತ್ತದೆ. ನಿಮ್ಮ ಮಗಳು ನಿದ್ದೆಗೆ ಅಪ್ಪಣೆ ಕೇಳಿದ್ದಾಳೆ. ನಿದ್ದೆ ಎಂದರೆ ಓದು ಮುಗಿದ ಮೇಲೆ ಉಳಿದರೆ ಸಿಗುವ ಬಹುಮಾನ ಎಂದು ಅವಳು ನಂಬಿಕೊಂಡಿದ್ದಾಳೆ. ನಾವು ದೊಡ್ಡವರೂ ಹಾಗೆಯೇ ನಂಬಿದ್ದೇವೆ. ಮೊದಲು ಸಡಿಲಿಸಬೇಕಾದ ಗಂಟು ಇದೇ.

ಹಾಲಿಗೆ ಹೆಪ್ಪು ಹಾಕಿದ ಮೇಲೆ ನೀವು ಪಾತ್ರೆಯನ್ನು ಒಂದು ಮೂಲೆಯಲ್ಲಿಟ್ಟು ಸುಮ್ಮನಾಗುತ್ತೀರಿ. ಗಳಿಗೆಗೊಮ್ಮೆ ಅಲ್ಲಾಡಿಸಿದರೆ ಮೊಸರು ಗಟ್ಟಿಯಾಗುವುದಿಲ್ಲ. ಓದಿಗೂ ಇದೇ ಮಾತು. ಹಗಲು ಕಲಿತದ್ದು ಮಿದುಳಿನಲ್ಲಿ ಗಟ್ಟಿಯಾಗಿ ನೆಲೆಗೊಳ್ಳಲು ನಿದ್ದೆ ಬೇಕು. ಇದು ಹೊಸ ಶೋಧವೇನೂ ಅಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬ್ಯಾಕ್ 1924ರಲ್ಲೇ ಇದನ್ನು ಪರೀಕ್ಷಿಸಿದ್ದರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ ಮಲಗಿದವರಿಗೆ, ಅಷ್ಟೇ ಹೊತ್ತು ಎಚ್ಚರವಾಗಿದ್ದಾಗಿನದಕ್ಕಿಂತ ಹೆಚ್ಚು ನೆನಪಿತ್ತು. ಅಂದರೆ ಹನ್ನೊಂದು ಗಂಟೆಗೆ ಕಣ್ಣುಜ್ಜಿಕೊಂಡು ಓದಿದ ಆ ಕೊನೆಯ ಪಾಠ, ಸಂಜೆ ಚೆನ್ನಾಗಿ ಓದಿದ್ದ ಪಾಠಕ್ಕೆ ನೆಲೆಯೂರುವ ಸಮಯವನ್ನೇ ಕಿತ್ತುಕೊಳ್ಳುತ್ತಿದೆ.

13ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ನಿಮ್ಮ ಮಗಳಿಗೆ ಸಿಗುತ್ತಿರುವುದು ಐದು, ಐದೂವರೆ. ಇನ್ನೊಂದು ಸಂಗತಿಯೂ ನಿಮಗೆ ತಿಳಿದಿರಲಿ. ಈ ವಯಸ್ಸಿನಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ತಡವಾಗಿ ಏರತೊಡಗುತ್ತದೆ. ಹಾಗಾಗಿ ನಿದ್ದೆಯೂ ತಡವಾಗಿ ಬರುತ್ತದೆ, ಬೆಳಿಗ್ಗೆ ಏಳುವುದೂ ಕಷ್ಟವಾಗುತ್ತದೆ. ಅವಳು ಸೋಮಾರಿಯಲ್ಲ. ಐದಕ್ಕೆ ಎಬ್ಬಿಸಿದಾಗ ಅವಳ ಮೈ ಇನ್ನೂ ನಡುರಾತ್ರಿಯಲ್ಲಿರುತ್ತದೆ.

ಮೊದಲ ಹೆಜ್ಜೆ ಇದರಲ್ಲೇ ಇದೆ, ನಾಳೆಯೇ ಇಡಬಹುದು. ಅಲಾರಂ ಆರೂವರೆಗೆ ಇಡಿ. ಯಾರ ಅನುಮತಿಯೂ ಬೇಡದೆ ಒಂದೂವರೆ ಗಂಟೆ ನಿದ್ದೆ ಸಿಕ್ಕಿತು.

ಅತ್ತೆಯವರು ಏನನ್ನುತ್ತಾರೋ ಎಂಬ ಅಳುಕು ನಿಮಗಿರಬಹುದು. ಅವರ ಮಾತಿನಲ್ಲಿ ಸತ್ಯವಿದೆ, ಅದನ್ನು ತಳ್ಳಿಹಾಕಬೇಡಿ. ಬ್ರಾಹ್ಮೀ ಮುಹೂರ್ತದಲ್ಲಿ ಏಳುತ್ತಿದ್ದ ಹಿರಿಯರಿಗೆ ಆ ಹೊತ್ತು ತಿಳಿಯಾಗಿರುತ್ತಿತ್ತು, ಏಕೆಂದರೆ ಅಷ್ಟರಲ್ಲಿ ಅವರ ನಿದ್ದೆ ಪೂರ್ತಿಯಾಗಿರುತ್ತಿತ್ತು. ಒಂದು ಸಂಜೆ ಬಿಡುವಾಗಿ ಕೂತು, ‘ಅತ್ತೆ, ನೀವು ಚಿಕ್ಕವರಿದ್ದಾಗ ರಾತ್ರಿ ಎಷ್ಟೊತ್ತಿಗೆ ಮಲಗ್ತಿದ್ರಿ?’ ಎಂದು ಕೇಳಿ. ಎಂಟು, ಎಂಟೂವರೆ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಆಮೇಲೆ ಮೊಮ್ಮಗಳನ್ನು ಮಲಗಿಸುವ ಹೊಣೆಯನ್ನು ಅವರಿಗೇ ವಹಿಸಿ. ಅಜ್ಜಿಯ ಪಕ್ಕದಲ್ಲಿ ಮಲಗಿ ಹತ್ತು ನಿಮಿಷ ಮಾತು ಕೇಳುವ ಮಗುವಿಗೆ ನಿದ್ದೆ ತಾನಾಗಿ ಹತ್ತುತ್ತದೆ.

ಎರಡನೆಯ ಕೆಲಸಕ್ಕೆ ಒಂದು ಹಳೆಯ ನೋಟ್‌ಬುಕ್ ಸಾಕು. ಒಂದು ವಾರ, ಯಾವ ವಿಷಯಕ್ಕೆ ಎಷ್ಟು ಹೋಂವರ್ಕ್, ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯಿತು, ಅವಳು ಎಷ್ಟಕ್ಕೆ ಮಲಗಿದಳು ಎಂದು ಬರೆದಿಡಿ. ಟ್ಯೂಷನ್‌ನವರು ಕೊಟ್ಟದ್ದನ್ನು ಬೇರೆಯಾಗಿ ಬರೆಯಿರಿ. ಶಾಲೆಯ ವಾಟ್ಸಾಪ್ ಗುಂಪಿಗೆ ಹೋಂವರ್ಕ್ ಯಾವ ಹೊತ್ತಿಗೆ ಬರುತ್ತದೆ ಎಂಬುದನ್ನೂ ಗುರುತು ಮಾಡಿ. ರಾತ್ರಿ ಎಂಟಕ್ಕೆ ಬರುವ ಸಂದೇಶ ಎಷ್ಟೋ ಮನೆಗಳ ನಿದ್ದೆಯನ್ನು ಕೆಡಿಸುತ್ತಿದೆ.

ಆ ಪುಸ್ತಕ ಹಿಡಿದು ಕ್ಲಾಸ್ ಟೀಚರ್ ಬಳಿ ಹೋಗಿ. ದೂರುವ ದನಿ ಬೇಡ. ನನಗೆ ತಿಳಿದಂತೆ, ಮಕ್ಕಳ ನಿದ್ದೆ ಕೆಡಿಸಬೇಕೆಂದು ಯಾವ ಶಿಕ್ಷಕರೂ ಹೋಂವರ್ಕ್ ಕೊಡುವುದಿಲ್ಲ. ಗಣಿತದವರು ಅರ್ಧ ಗಂಟೆಯ ಕೆಲಸ ಕೊಡುತ್ತಾರೆ, ವಿಜ್ಞಾನದವರೂ ಅಷ್ಟೇ, ಸಮಾಜದವರೂ ಅಷ್ಟೇ. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಆರು ಅರ್ಧ ಗಂಟೆಗಳು ಸೇರಿ ಮೂರು ಗಂಟೆಯಾಗುವುದು ಕಾಣಿಸುವುದು ನಿಮ್ಮ ಮನೆಯಲ್ಲಿ ಮಾತ್ರ. ನೀವು ಒಯ್ದು ತೋರಿಸಿದರೆ ಅವರಿಗೂ ಕಾಣುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಬ್ಯಾಗ್ ನೀತಿ ಬರೀ ಚೀಲದ ತೂಕದ ಬಗ್ಗೆ ಇರುವುದಲ್ಲ, ಹೋಂವರ್ಕ್‌ಗೂ ಮಿತಿ ಹೇಳಿದೆ. ಎರಡನೇ ತರಗತಿಯವರೆಗೆ ಹೋಂವರ್ಕೇ ಬೇಡ, 3ರಿಂದ 5ನೇ ತರಗತಿಗೆ ವಾರಕ್ಕೆ ಎರಡು ಗಂಟೆ, 6ರಿಂದ 8ಕ್ಕೆ ದಿನಕ್ಕೆ ಒಂದು ಗಂಟೆ, 9ರಿಂದ 12ಕ್ಕೆ ದಿನಕ್ಕೆ ಎರಡು ಗಂಟೆ. ನಿಮ್ಮ ಮಗಳ ಪಾಲಿಗೆ ಒಂದೇ ಗಂಟೆ. ಇದನ್ನು ಮೆತ್ತಗೆ ತಿಳಿಸಿ. ಹೋಂವರ್ಕ್ ಸಂದೇಶ ಸಂಜೆ ಐದರೊಳಗೆ ಬರಲಿ ಎಂದೂ ಕೇಳಿಕೊಳ್ಳಿ. ಇನ್ನಿಬ್ಬರು ತಾಯಂದಿರು ಜೊತೆಗಿದ್ದರೆ ಮಾತಿಗೆ ಬಲ ಬರುತ್ತದೆ.

ಹೊರಗೆ ನಿಲ್ಲಿಸುವ ವಿಚಾರದಲ್ಲಿ ಮಾತ್ರ ನೀವು ಗಟ್ಟಿಯಾಗಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಟೀಚರ್ ಒಪ್ಪದಿದ್ದರೆ ಮುಖ್ಯೋಪಾಧ್ಯಾಯರನ್ನು ಕಾಣಿ, ಲಿಖಿತವಾಗಿ ಕೊಡಿ.

ಮಕ್ಕಳ ಮೇಲಿನ ಓದಿನ ಹೊರೆಯ ದೂರು ಹಳೆಯದು. ಮೈಸೂರಿನ ಲೇಖಕ ಆರ್.ಕೆ. ನಾರಾಯಣ್ ರಾಜ್ಯಸಭೆಗೆ ನಾಮನಿರ್ದೇಶನಗೊಂಡಿದ್ದಾಗ, 1989ರಲ್ಲಿ ಮಾಡಿದ ಮೊದಲ ಭಾಷಣದಲ್ಲಿ ಎತ್ತಿದ್ದು ಇದೇ ವಿಷಯವನ್ನು: ನಿದ್ದೆಗಣ್ಣಿನ ಮಕ್ಕಳನ್ನು ಎಳೆದೆಬ್ಬಿಸಿ ಹೊರೆ ಹೊರಿಸಿ ಶಾಲೆಗೆ ಅಟ್ಟುವುದು. ನಂತರ ಯಶ್ ಪಾಲ್ ಸಮಿತಿ 1993ರಲ್ಲಿ ಹೊರೆಯಿಲ್ಲದ ಕಲಿಕೆಯ ಕುರಿತು ವರದಿಯನ್ನೇ ಕೊಟ್ಟಿತು. ಮೂವತ್ತು ವರ್ಷ ದಾಟಿದರೂ ನಿಮ್ಮ ಪತ್ರ ನನಗೆ ಬಂದಿದೆ. ಇದನ್ನು ಬರೆಯುವಾಗ ಬೇಸರವಾಗುತ್ತದೆ. ಆದರೆ ನಿಮ್ಮ ಮಗಳು ವ್ಯವಸ್ಥೆ ಸರಿಹೋಗುವ ತನಕ ಎಚ್ಚರವಾಗಿ ಕೂರಲಾರಳು.

ಹಾಗಾಗಿ ಮನೆಯೊಳಗಿನ ಕೆಲಸ. ಈಗ ಹನ್ನೆರಡಕ್ಕೆ ಮಲಗುವವಳು ನಾಳೆಯೇ ಒಂಬತ್ತೂಮುಕ್ಕಾಲಿಗೆ ಮಲಗಿದರೆ ನಿದ್ದೆ ಬರದೆ ಹೊರಳಾಡುತ್ತಾಳೆ. ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಹಿಂದಕ್ಕೆ ತನ್ನಿ. ಶಾಲೆಯಿಂದ ಬಂದೊಡನೆ ತಿಂಡಿ, ಆಮೇಲೆ ಟ್ಯೂಷನ್‌ಗೆ ಹೋಗುವ ಮುಂಚಿನ ಅರ್ಧ ಗಂಟೆಯಲ್ಲಿ ಅತಿ ಕಷ್ಟದ ಹೋಂವರ್ಕ್ ಮುಗಿಯಲಿ. ನೋಟ್ಸ್ ನಕಲು ಮಾಡುವಂಥ ಸುಲಭದ ಕೆಲಸ ರಾತ್ರಿಗಿರಲಿ. ಟ್ಯೂಷನ್‌ನವರು ಬರೆಯಲು ಕೊಡುವುದನ್ನು ನಿಲ್ಲಿಸುವಂತೆ ಹೇಳಿ. ಎಲ್ಲ ವಿಷಯಕ್ಕೂ ಟ್ಯೂಷನ್ ಬೇಕೇ, ಗಣಿತ ಒಂದಕ್ಕೇ ಸಾಕೇ ಎಂದು ಅವಳನ್ನೇ ಕೇಳಿ. ನಿಮ್ಮ ಯಜಮಾನರೂ ಈ ಮಾತಿನಲ್ಲಿರಲಿ. ಮಧ್ಯಾಹ್ನದ ನಂತರ ಕಾಫಿ, ಟೀ ಬೇಡ. ಕುಡಿದ ಕೆಫೀನ್‌ನಲ್ಲಿ ಸುಮಾರು ಅರ್ಧದಷ್ಟು ಐದು ಗಂಟೆಯ ನಂತರವೂ ಮೈಯಲ್ಲಿ ಉಳಿದಿರುತ್ತದೆ. ಮಲಗುವ ಒಂದು ಗಂಟೆ ಮುಂಚೆ ಮೊಬೈಲ್ ಅಡುಗೆಮನೆಯಲ್ಲಿ ಚಾರ್ಜ್‌ಗೆ ಹೋಗಲಿ, ಅವಳದಷ್ಟೇ ಅಲ್ಲ, ನಿಮ್ಮದೂ. ಭಾನುವಾರ ಒಂದು ಗಂಟೆ ಹೆಚ್ಚು ಮಲಗಲಿ. ಹನ್ನೊಂದರವರೆಗೆ ಬಿಟ್ಟರೆ ಅಂದಿನ ರಾತ್ರಿಯ ನಿದ್ದೆ ಮತ್ತೆ ಕೆಡುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ರಾತ್ರಿ ಒಂಬತ್ತೂವರೆಗೆ ಹೋಂವರ್ಕ್ ಉಳಿದೇ ಇರುತ್ತದೆ. ಆಗ ಅವಳಾಗಿ ಪುಸ್ತಕ ಮುಚ್ಚಲಾರಳು, ಅವಳಿಗೆ ಆ ಧೈರ್ಯವಿಲ್ಲ. ನೀವು ಹತ್ತಿರ ಹೋಗಿ, ‘ಇವತ್ತಿಗೆ ಸಾಕು ಪುಟ್ಟಿ, ಉಳಿದದ್ದಕ್ಕೆ ನಾನು ಟೀಚರ್‌ಗೆ ಉತ್ತರ ಹೇಳ್ತೀನಿ’ ಎಂದು ನಿಮ್ಮ ಕೈಯಾರೆ ಪುಸ್ತಕ ಮುಚ್ಚಿ. ಶಾಲೆಯ ಡೈರಿಯಲ್ಲಿ ‘ಮಗುವಿನ ಆರೋಗ್ಯದ ದೃಷ್ಟಿಯಿಂದ ಒಂಬತ್ತೂವರೆಗೆ ನಾನೇ ನಿಲ್ಲಿಸಿದೆ’ ಎಂದು ಬರೆದು ಸಹಿ ಹಾಕಿ. ಮೊದಲ ದಿನ ಅವಳು ಇನ್ನೂ ಜೋರಾಗಿ ಅಳಬಹುದು, ‘ನಿಂಗೇನ್ ಗೊತ್ತಮ್ಮಾ’ ಎನ್ನಬಹುದು. ಸೋಲಬೇಡಿ, ವಾದವನ್ನೂ ಮಾಡಬೇಡಿ, ತಲೆ ನೇವರಿಸಿ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಅವಳ ಚಿಂತೆಯನ್ನು ಆ ಸಹಿ ನಿಮ್ಮ ಹೆಗಲಿಗೆ ವರ್ಗಾಯಿಸುತ್ತದೆ. ಅಂದು ಗದರಿದ್ದಕ್ಕೆ, ‘ತಪ್ಪಾಯ್ತು, ನಿನಗೆ ಅಷ್ಟು ಸುಸ್ತಾಗಿತ್ತು ಅಂತ ಗೊತ್ತಾಗಲಿಲ್ಲ’ ಎಂದು ಒಂದು ಮಾತು ಹೇಳಿಬಿಡಿ. ಇಬ್ಬರಿಗೂ ಹಗುರವಾಗುತ್ತದೆ.

ಎಸ್ಸೆಸ್ಸೆಲ್ಸಿಯ ಭಯವನ್ನು ಈಗಿನಿಂದಲೇ ಹೊರಬೇಡಿ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವಿದೆ. ಎರಡು ವರ್ಷ ಚೆನ್ನಾಗಿ ಮಲಗಿ ಬೆಳೆದ ಹುಡುಗಿ ಆ ಪರೀಕ್ಷೆಗೆ ಗಟ್ಟಿಯಾಗಿ ಕೂರುತ್ತಾಳೆ.

ಕೆಲವು ಸೂಚನೆಗಳು ಕಂಡರೆ ಮನೆಯ ಉಪಾಯವಷ್ಟೇ ಸಾಲದು. ಸಾಕಷ್ಟು ಮಲಗಿದರೂ ಹಗಲು ತೂಕಡಿಸುವುದು, ಜೋರಾಗಿ ಗೊರಕೆ ಹೊಡೆಯುವುದು, ಬಾಯಲ್ಲಿ ಉಸಿರಾಡುವುದು ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮುಟ್ಟು ಶುರುವಾದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ, ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿ. ನಿದ್ದೆ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ. ಮೂರು ವಾರ ಕಳೆದರೂ ಹಾಸಿಗೆಯಲ್ಲಿ ಎಚ್ಚರವಾಗಿಯೇ ಇದ್ದರೆ, ಶಾಲೆಗೆ ಹೊರಡುವಾಗ ದಿನವೂ ಹೊಟ್ಟೆನೋವು ಬಂದರೆ, ಊಟ ಬಿಟ್ಟರೆ, ಆಪ್ತಸಲಹೆಗಾರರನ್ನು ಅಥವಾ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವನ್ನು ಕಾಣಿ. ‘ಬದುಕೋದೇ ಬೇಡ’ ಎಂಬಂಥ ಮಾತು ಬಂದರೆ ಮೂರು ವಾರವೂ ಕಾಯಬೇಡಿ, ಅವಳನ್ನು ಒಂಟಿಯಾಗಿಯೂ ಬಿಡಬೇಡಿ, ಅಂದೇ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಗಳು ಮಾತ್ರವಲ್ಲ, ನೀವೂ ಮಾಡಬಹುದು. ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಾಲಂ ಹಾಕಿಕೊಳ್ಳಿ, ನೀವು ಎಷ್ಟಕ್ಕೆ ಮಲಗಿದಿರಿ ಎಂದು ಬರೆಯಲು. ಒಂದು ತಿಂಗಳು ತುಂಬಿದ ಮೇಲೆ ಆ ಲೆಕ್ಕವನ್ನು ನನಗೆ ಬರೆದು ಕಳಿಸಿ. ಇಬ್ಬರದ್ದೂ.