ಊರಿನ ಸೂರನ್ನು ಭದ್ರಪಡಿಸಿಕೊಂಡು ಬಾಡಿಗೆಮನೆಗೆ ಹೊರಡುವ ಕ್ರಮ

1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ರಾಯದುರ್ಗದ ಸೀಮೆಯಲ್ಲಿ, ಹಗರಿ ನದಿಯ ಮರಳು ಹೊಲಗಳ ಮೇಲೇರಿ ಬರುವ ಬೊಮ್ಮನಹಾಳಿನ ಸುತ್ತುಮುತ್ತ, ಮಳೆ ಕೈಕೊಟ್ಟ ವರ್ಷಗಳಲ್ಲಿ ಬೀಗ ಜಡಿದ ಬಾಗಿಲುಗಳು ಹೆಚ್ಚುವುವು. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೆಯ ಅನುಚ್ಛೇದವು ನಮಗೆ ದಯಪಾಲಿಸಿರುವುದಾದರೂ, ಬಳ್ಳಾರಿಯಲ್ಲಿಯೋ ಬೆಂಗಳೂರಿನಲ್ಲಿಯೋ ಮನೆಯೊಡೆಯನು ಬಾಡಿಗೆಯನ್ನು ಏರಿಸಿ ‘ಆಗದಿದ್ದರೆ ಖಾಲಿ ಮಾಡಿ’ ಎಂದಾಗ ‘ಆಗಲಿ’ ಎಂದು ಎದ್ದುಬರುವ ಧೈರ್ಯವು, ಹಿಂದಿರುಗಲು ಸ್ವಂತ ಸೂರೊಂದು ಉಳ್ಳವರಿಗಲ್ಲದೆ ಸುಲಭವಾಗಿ ಬಾರದೆಂದು ನಾನು ದೃಢವಾಗಿ ನಂಬುತ್ತೇನೆ. ಆದಕಾರಣ ಸಿದ್ಧತೆಯು ಊರಿನಿಂದಲೇ ಆರಂಭವಾಗತಕ್ಕದ್ದು.

ಮೊದಲು ಮನೆಕಂದಾಯದ ರಸೀದಿ, ವಿದ್ಯುತ್ತಿನ ಬಿಲ್ಲು, ಪಟ್ಟಾ ಇವುಗಳನ್ನು ಒಂದೆಡೆಗೆ ತಂದು, ಹೆಸರು ಎಲ್ಲದರಲ್ಲಿಯೂ ಒಂದೇ ಆಗಿದೆಯೇ ಎಂದು ನೋಡಬೇಕು. ತೀರಿಹೋದ ತಂದೆಯ ಹೆಸರಿನಲ್ಲಿಯೇ ಮನೆ ಉಳಿದಿದ್ದಲ್ಲಿ, ಗ್ರಾಮ ಸಚಿವಾಲಯದಲ್ಲಿ ಹೆಸರು ಬದಲಾವಣೆಗೆ ಅರ್ಜಿಯನ್ನು ಸಲ್ಲಿಸಿ, ಅದರ ಸ್ವೀಕೃತಿಯು ಕೈಸೇರಿದ ಮೇಲಲ್ಲದೆ ಬಸ್ಸು ಹತ್ತಬಾರದು. ನಮ್ಮ ಜನಕ್ಕೆ ಇಲ್ಲೊಂದು ವಿಶೇಷವಾದ ತೊಡಕಿದೆ: ಆಡುವ ಮಾತೂ, ಅನೇಕರಿಗೆ ಓದಿದ ಶಾಲೆಯೂ ಕನ್ನಡದ್ದು, ಸರ್ಕಾರದ ಪತ್ರಗಳು ತೆಲುಗಿನವು. ಸರ್ವೆ ನಂಬರನ್ನೂ ನಾಲ್ಕು ದಿಕ್ಕಿನ ಚೆಕ್ಕುಬಂದಿಯನ್ನೂ ಬಲ್ಲವರಿಂದ ಓದಿಸಿ ಕೇಳಿ, ಅದನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡು, ಅರ್ಥವಾಗದ ಕಾಗದಕ್ಕೆ ಯಾರು ಎಷ್ಟು ಅವಸರಪಡಿಸಿದರೂ ಹೆಬ್ಬೆಟ್ಟೊತ್ತದಿರುವುದು ಅತ್ಯಾವಶ್ಯಕ. 2020ರ ಡಿಸೆಂಬರ್ 25ರಂದು ಆರಂಭವಾದ ಆಂಧ್ರ ಸರ್ಕಾರದ ಹಂಚಿಕೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳ ಹೆಸರಿಗೆ ಒಂದೂವರೆ ಸೆಂಟು, ಎಂದರೆ ಸುಮಾರು 650 ಚದರಡಿ, ನಿವೇಶನ ಲಭಿಸಿದ್ದರೆ, ಸಾಲದ ಒತ್ತಡಕ್ಕೆ ಅದನ್ನು ಬರಿಯ ಛಾಪಾಕಾಗದದ ಮೇಲೆ ಕೈಬಿಡಬೇಡಿ. ಇಂತಹ ಜಾಗವನ್ನು ಗೊತ್ತಾದ ಅವಧಿಗೆ ಮುನ್ನ ಪರಭಾರೆ ಮಾಡುವುದು 1977ರ ಆಂಧ್ರ ಶಾಸನಕ್ಕೆ ವಿರುದ್ಧವಷ್ಟೇ ಅಲ್ಲ, ಒಂದು ಕುಟುಂಬದ ಕಡೆಯ ಆಸರೆಯನ್ನು ಕೆಲವು ತಿಂಗಳ ಖರ್ಚಿಗೆ ತೆತ್ತಂತೆಯೂ ಆಗುವುದು.

ಮನೆಯ ಪತ್ರಗಳಾದ ಮೇಲೆ ಪಡಿತರದ ಮಾತು: ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಗೆ ಒಳಪಟ್ಟ ಪಡಿತರ ಚೀಟಿಯಿದ್ದರೆ ಅದನ್ನು ಊರಿನಲ್ಲಿಯೇ ಉಳಿಸಿಕೊಂಡು, ಕರ್ನಾಟಕದ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಿ ಧಾನ್ಯವನ್ನು ಪಡೆಯಬಹುದು.

ಇನ್ನು ಪಟ್ಟಣದ ಮನೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೇಳುವುದು ಬಹುಕಾಲದ ರೂಢಿ. ಎಂಟು ಸಾವಿರದ ಮನೆಗೆ ಎಂಬತ್ತು ಸಾವಿರ ರೂಪಾಯಿಯನ್ನು ಕೂಲಿಯ ಕುಟುಂಬವು ಎಲ್ಲಿಂದ ತರಬೇಕು? 2021ರಲ್ಲಿ ಕೇಂದ್ರವು ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿದೆ. ಮಾದರಿಯು ರಾಜ್ಯದ ಶಾಸನವಾದಲ್ಲಿ ಮಾತ್ರ ಬಂಧನಕಾರಿಯಾಗುವುದಾದರೂ, ಚೌಕಾಸಿಯ ವೇಳೆ ಅದನ್ನು ವಿನಯದಿಂದ ನೆನಪಿಸುವುದರಲ್ಲಿ ತಪ್ಪಿಲ್ಲ. ಅಡ್ವಾನ್ಸನ್ನು ಬ್ಯಾಂಕಿನ ಮೂಲಕವೇ ಕೊಡಿ. ಹನ್ನೊಂದು ತಿಂಗಳ ಕರಾರುಪತ್ರದಲ್ಲಿ ಮೂರು ವಿಷಯಗಳು ಸ್ಪಷ್ಟವಾಗಿರಲಿ: ಬಾಡಿಗೆಯು ಯಾವಾಗ, ಎಷ್ಟು ಏರುವುದು, ಬಿಡುವಾಗ ಸುಣ್ಣಬಣ್ಣಕ್ಕೆಂದು ಎಷ್ಟು ಹಿಡಿಯುವರು, ಉಳಿದ ಹಣವು ಎಷ್ಟು ದಿನದೊಳಗೆ ಮರಳುವುದು. ಒಳಹೊಕ್ಕ ದಿನವೇ ಗೋಡೆಯ ಬಿರುಕು, ತೇವದ ಕಲೆ, ಒಡೆದ ನಲ್ಲಿ, ಮೀಟರಿನ ಅಂಕಿ ಇವುಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು ಮನೆಯೊಡೆಯನಿಗೇ ಕಳುಹಿಸಿದಲ್ಲಿ, ಬಿಡುವ ದಿನದ ವಾಗ್ವಾದವು ಬಹುಪಾಲು ತಪ್ಪುವುದು.

ತಿಂಗಳ ಬಾಡಿಗೆಯ ಕಾಟವಿಲ್ಲವೆಂದು ಭೋಗ್ಯಕ್ಕೆ ಮರುಳಾಗುವವರು ಬಹಳ ಮಂದಿ. ಊರಿನ ಹೊಲವನ್ನು ಮಾರಿ ತಂದ ಹಣವನ್ನೆಲ್ಲ ಒಮ್ಮೆಲೇ ಒಪ್ಪಿಸುವ ಈ ವ್ಯವಹಾರದಲ್ಲಿ, ಮನೆಯು ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ ಹಣವೂ ಹೋಗುವುದು, ಮನೆಯೂ ಹೋಗುವುದು. ಉಪನೋಂದಣಾಧಿಕಾರಿಯ ಕಚೇರಿಯಿಂದ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸುವುದರ ಜೊತೆಗೆ, ಮೂಲಪತ್ರಗಳನ್ನು ಕಣ್ಣಾರೆ ತೋರಿಸಿರೆಂದು ಕೇಳಿ. ನಕಲನ್ನಷ್ಟೇ ತೋರುವವರಿಂದ ದೂರವಿರಿ. ವರ್ಷಕ್ಕೆ ಮೀರಿದ ಕರಾರು ನೋಂದಣಿಯಾಗಲೇಬೇಕು.

ಹೊರಹಾಕುವ ಪ್ರಸಂಗವೇ ಬಂದರೆ ಬೆದರಬೇಡಿ. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಯನ್ನು ಮುಗಿಸಲು 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ಹದಿನೈದು ದಿನಗಳ ಲಿಖಿತ ನೋಟೀಸು ಬೇಕು. ಕಾನೂನಿನ ಕ್ರಮವಿಲ್ಲದೆ ಬೀಗ ಹಾಕಿ ಹೊರದೂಡಿದರೆ ಆರು ತಿಂಗಳೊಳಗೆ ಸಿವಿಲ್ ನ್ಯಾಯಾಲಯದಲ್ಲಿ ಸ್ವಾಧೀನವನ್ನು ಮರಳಿ ಕೇಳಬಹುದು. ಹೆಂಗಸರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ವರಮಾನವೆಷ್ಟೇ ಇರಲಿ ವಕೀಲರ ನೆರವು ಉಚಿತ, 15100ಕ್ಕೆ ಕರೆಮಾಡಿದರಾಯಿತು. ಆಶ್ರಯವು ಬದುಕುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಚಮೇಲಿ ಸಿಂಗ್ ಮೊಕದ್ದಮೆಯಲ್ಲಿ ಸಾರಿದೆ. ಲಕ್ಷ ಜನಸಂಖ್ಯೆಗೆ ನೂರು ಮಂದಿಯ ಒಂದು ಆಶ್ರಯತಾಣ ನಗರಗಳಲ್ಲಿ ವರ್ಷವಿಡೀ ತೆರೆದಿರಬೇಕೆಂಬ ನಿಯಮವೂ ಇದೆ. ಹೊಸ ಊರಿಗೆ ಕಾಲಿಟ್ಟ ಮೊದಲ ವಾರದಲ್ಲಿಯೇ ಅದು ಎಲ್ಲಿದೆ, ಮಕ್ಕಳೊಡನೆ ಹೋದ ಹೆಂಗಸರಿಗೆ ಪ್ರತ್ಯೇಕ ಕೊಠಡಿಯುಂಟೇ ಎಂಬುದನ್ನು ನಗರಪಾಲಿಕೆಯಲ್ಲಿ ವಿಚಾರಿಸಿ, ವಿಳಾಸವನ್ನು ಕರಾರುಪತ್ರದ ಬೆನ್ನಿಗೆ ಬರೆದಿಡಿ.