ಮೊಲದ ಕೊಂಬು

ನಿದ್ರೆಯಲ್ಲಿ ಮನುಷ್ಯನು ಕಾಣುವ ಲೋಕಕ್ಕೆ ಎಚ್ಚರದ ಲೋಕದ ಕಟ್ಟುಪಾಡುಗಳಿಲ್ಲ. ಅಲ್ಲಿ ತೀರಿಹೋದವರು ಬಂದು ಮಾತನಾಡುತ್ತಾರೆ. ಹಿತ್ತಿಲ ಬಾಗಿಲನ್ನು ತೆರೆದರೆ ಕಡಲು ಕಾಣಿಸುತ್ತದೆ. ಓಡಬೇಕೆಂದರೆ ಕಾಲು ಏಳುವುದಿಲ್ಲ, ಹಾರಬೇಕೆಂದರೆ ರೆಕ್ಕೆ ಬೇಕಾಗುವುದಿಲ್ಲ. ಎಚ್ಚರವಾದೊಡನೆ ಇವೆಲ್ಲ ಸುಳ್ಳೆಂದು ನಾವು ತಳ್ಳಿಹಾಕುತ್ತೇವೆ. ಆದರೆ ಕನಸಿನಲ್ಲಿ ಪಟ್ಟ ಭಯ ಸುಳ್ಳಲ್ಲ. ಎದೆ ಇನ್ನೂ ಹೊಡೆದುಕೊಳ್ಳುತ್ತಿರುತ್ತದೆ. ಹೀಗೆ ಇಲ್ಲದುದರ ಮೂಲಕ ಇರುವುದನ್ನು ತಿಳಿಸುವ ಶಕ್ತಿ ಕನಸಿಗೆ ಉಂಟು. ಈ ಶಕ್ತಿಯನ್ನೇ ತಮ್ಮ ಸಾಧನವನ್ನಾಗಿ ಮಾಡಿಕೊಂಡ ಕಲಾವಿದರ ಮಾರ್ಗಕ್ಕೆ 'ಅತಿವಾಸ್ತವವಾದ' ಅಥವಾ 'ಸರ್ರಿಯಲಿಸಂ' ಎಂದು ಹೆಸರು.

ಈ ಕಲೆಯನ್ನು ಅರಿಯುವುದಕ್ಕೆ ಮೊದಲು ನಮ್ಮ ನಾಡಿನದೇ ಒಂದು ಮಾತನ್ನು ನೆನೆಯಬಹುದು. ಮಲೆನಾಡಿನ ಶೃಂಗೇರಿಗೆ ಸಮೀಪದಲ್ಲಿ ಮೆಣಸೆ ಎಂಬ ಊರಿದೆ. ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರ ಇರುವುದು ಅಲ್ಲಿಯೇ. ನ್ಯಾಯ, ವೇದಾಂತ ಮೊದಲಾದ ಶಾಸ್ತ್ರಗಳನ್ನು ಓದುವವರಿಗೆ 'ಶಶಶೃಂಗ' ಎಂಬ ಮಾತು ಬಹಳ ಪರಿಚಿತ. ಶಶಶೃಂಗವೆಂದರೆ ಮೊಲದ ಕೊಂಬು. ಇಲ್ಲದ ವಸ್ತುವಿಗೆ ಉದಾಹರಣೆ ಕೊಡಬೇಕಾದಾಗ ಶಾಸ್ತ್ರಕಾರರು ಇದನ್ನು ಹೇಳುತ್ತಾರೆ. ಆದರೆ ತರ್ಕವನ್ನು ಬಲ್ಲವರು ಅಲ್ಲಿಗೇ ನಿಲ್ಲುವುದಿಲ್ಲ. ಮೊಲವೆಂಬ ಪ್ರಾಣಿ ಲೋಕದಲ್ಲಿ ಇದೆ, ಕೊಂಬೆಂಬುದೂ ಇದೆ. ಇಲ್ಲದಿರುವುದು ಅವೆರಡರ ಸಂಬಂಧ ಮಾತ್ರ ಎಂದು ಅವರು ಬಿಡಿಸಿ ತೋರಿಸುತ್ತಾರೆ. ಕಲ್ಪನೆಯ ಗುಟ್ಟು ಈ ಮಾತಿನಲ್ಲಿ ಅಡಗಿದೆ. ಮನುಷ್ಯನು ಎಷ್ಟೇ ವಿಚಿತ್ರವಾದುದನ್ನು ಕಲ್ಪಿಸಿದರೂ ಅದರ ಭಾಗಗಳೆಲ್ಲ ಅವನು ಕಂಡು ಕೇಳಿದವೇ ಆಗಿರುತ್ತವೆ. ಹೊಸದಾಗಿರುವುದು ಅವುಗಳ ಜೋಡಣೆ. ಆದುದರಿಂದ ವಿಚಿತ್ರವಾದ ಒಂದು ಚಿತ್ರವನ್ನು ಕಂಡಾಗ ಕೇಳಬೇಕಾದ ಪ್ರಶ್ನೆ 'ಇಂಥದು ಲೋಕದಲ್ಲಿ ಉಂಟೆ?' ಎಂಬುದಲ್ಲ, 'ಇವೆರಡನ್ನು ಏಕೆ ಜೋಡಿಸಿದ್ದಾರೆ?' ಎಂಬುದು.

ಈ ಪ್ರಶ್ನೆಯನ್ನು ಹಿಡಿದು ಶೃಂಗೇರಿಗೆ ಬರೋಣ. ತುಂಗಾನದಿಯ ಸ್ನಾನಘಟ್ಟದಲ್ಲಿ 'ಕಪ್ಪೆ ಶಂಕರ' ಎಂದು ಜನರು ಕರೆಯುವ ಒಂದು ಶಿಲ್ಪವಿದೆ. ಬಿಸಿಲಿನಲ್ಲಿ ಪ್ರಸವವೇದನೆ ಪಡುತ್ತಿದ್ದ ಕಪ್ಪೆಗೆ ನಾಗರಹಾವೊಂದು ಹೆಡೆಯೆತ್ತಿ ನೆರಳು ನೀಡಿತೆಂದೂ, ಅದನ್ನು ಕಂಡ ಶಂಕರಾಚಾರ್ಯರು ಈ ಸ್ಥಳವನ್ನು ತಮ್ಮ ಪೀಠಕ್ಕೆ ಆರಿಸಿಕೊಂಡರೆಂದೂ ಐತಿಹ್ಯ. ಹಾವು ಲೋಕದಲ್ಲಿದೆ, ಕಪ್ಪೆಯೂ ಇದೆ. ಒಂದು ಮತ್ತೊಂದರ ಆಹಾರ. ತಿನ್ನುವ ಪ್ರಾಣಿಯೇ ಕೊಡೆ ಹಿಡಿಯುವ ಸಂಬಂಧವನ್ನು ಮಾತ್ರ ನಾವು ಕಂಡಿಲ್ಲ. ಆ ಕಾಣದ ಸಂಬಂಧವನ್ನು ಕಲ್ಲಿನಲ್ಲಿ ಕಂಡವರಿಗೆ 'ಹುಟ್ಟುವೈರವೂ ಕರಗುವ ನೆಲವಿದು' ಎಂಬ ಅರ್ಥ ಯಾರೂ ಹೇಳದೆಯೇ ಹೊಳೆಯುತ್ತದೆ.

ಅಲ್ಲಿಯೇ 14ನೆಯ ಶತಮಾನದ ವಿದ್ಯಾಶಂಕರ ದೇವಾಲಯವಿದೆ. ಅದರ ಮಂಟಪದಲ್ಲಿ ದ್ವಾದಶ ರಾಶಿಗಳನ್ನು ಸೂಚಿಸುವ 12 ಕಂಬಗಳಿವೆ. ಕಂಬಗಳಲ್ಲಿ ಸಿಂಹವನ್ನು ಹೋಲುವ, ಆದರೆ ಯಾವ ಕಾಡಿನಲ್ಲಿಯೂ ಇಲ್ಲದ ಯಾಳಿಗಳು ಮೈಯೆತ್ತಿ ನಿಂತಿವೆ. ಅವುಗಳ ಬಾಯೊಳಗೆ ಉರುಳುವ ಕಲ್ಲಿನ ಗುಂಡುಗಳಿವೆ. ಗುಂಡನ್ನು ಬೆರಳಿನಿಂದ ಹೊರಳಿಸಬಹುದು, ಹೊರಗೆ ತೆಗೆಯಲಾಗದು. ಶೃಂಗೇರಿಗೆ ಹತ್ತಿರದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ಗುಡಿಯಿದೆ. ಜಿಂಕೆಯ ಗರ್ಭದಲ್ಲಿ ಜನಿಸಿ ತಲೆಯ ಮೇಲೆ ಕೊಂಬನ್ನು ಧರಿಸಿದ್ದ ಆ ಮುನಿಯ ಹೆಸರಿನಿಂದಲೇ ಶೃಂಗೇರಿಗೆ ಆ ಹೆಸರು ಬಂದಿತೆಂದು ನಂಬಿಕೆ. ಮನುಷ್ಯನ ಶಿರಸ್ಸಿನ ಮೇಲೆ ಮೃಗದ ಕೊಂಬು! ಮಳೆಯನ್ನು ತರಬಲ್ಲ ಆ ತಪಸ್ವಿಯಲ್ಲಿ ನಾಡೂ ಕಾಡೂ ಒಂದಾಗಿದ್ದವೆಂದು ಕಥೆ ಕಟ್ಟಿದವರು ಸೂಚಿಸಿರಬೇಕು.

ಇಂಥ ಕೂಡುರೂಪಗಳು ಕರ್ನಾಟಕದ ಶಿಲ್ಪದಲ್ಲಿ ಹೇರಳವಾಗಿವೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬವೊಂದಿದೆ. ಅದರ ಮೇಲಿನ ಗಂಡಭೇರುಂಡನಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆಗಳು. ಎರಡು ದಿಕ್ಕಿಗೂ ಕಣ್ಣಿಟ್ಟಿರುವ ಈ ರೂಪ ಮುಂದೆ ಹಕ್ಕಿಯಾಗಿ ಮೈಸೂರು ಅರಸರ ಲಾಂಛನವಾಯಿತು. ಇಂದು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿಯೂ ಇದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಪಟ್ಟಿಕೆಗಳಲ್ಲಿ ಆನೆ, ಸಿಂಹ, ಕುದುರೆಗಳ ಸಾಲಿನೊಡನೆ ಮಕರಗಳ ಸಾಲೂ ಸಾಗುತ್ತದೆ. ಮಕರವೆಂದರೆ ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಬಾಲವನ್ನು ನೆನಪಿಸುವ ಪುಚ್ಛ ಎಲ್ಲವೂ ಒಂದೇ ಮೈಯಲ್ಲಿ ಕೂಡಿದ ಪ್ರಾಣಿ.

ಯೂರೋಪಿನಲ್ಲಿ ಅತಿವಾಸ್ತವವಾದ ಹುಟ್ಟಿದ ಸಂದರ್ಭ ಬೇರೆಯದು. 1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಯುವಕರು ಹತರಾದರು. ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಆಂದ್ರೆ ಬ್ರೆತೋನ್ ಎಂಬ ಫ್ರೆಂಚ್ ಕವಿ, ಯುದ್ಧದ ಆಘಾತದಿಂದ ಮನಸ್ಸು ಕದಡಿದ ಸೈನಿಕರನ್ನು ನೋಡಿಕೊಳ್ಳುವ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದನು. ಅವರ ಅಸಂಬದ್ಧ ಮಾತುಗಳಲ್ಲಿಯೂ ಏನೋ ಅರ್ಥ ತುಡಿಯುತ್ತಿದೆಯೆಂದು ಅವನಿಗೆ ತೋರಿತು. ಕನಸುಗಳು ಮನಸ್ಸಿನ ಆಳದಲ್ಲಿ ಹುದುಗಿದ ಆಸೆ, ಅಂಜಿಕೆಗಳ ವೇಷಾಂತರವೆಂದು ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಆ ವೇಳೆಗಾಗಲೇ ಪ್ರತಿಪಾದಿಸಿದ್ದನು. 'ವಿವೇಕ, ವಿಜ್ಞಾನ ಎಂದು ಬೀಗುತ್ತಿದ್ದ ನಾಗರಿಕತೆಯೇ ಇಂಥ ಸಂಹಾರವನ್ನು ನಡೆಸಿತಲ್ಲ. ಹಾಗಾದರೆ ಬರಿಯ ತರ್ಕವನ್ನು ನಂಬಿ ಫಲವೇನು?' ಎಂಬ ಪ್ರಶ್ನೆ ಅಂದಿನ ತರುಣರನ್ನು ಕಾಡಿತು. 1924ರಲ್ಲಿ ಬ್ರೆತೋನ್ ಪ್ಯಾರಿಸ್ಸಿನಲ್ಲಿ ಅತಿವಾಸ್ತವವಾದದ ಘೋಷಣಾಪತ್ರವನ್ನು ಪ್ರಕಟಿಸಿದನು. ಕನಸನ್ನೂ ಎಚ್ಚರವನ್ನೂ ಕೂಡಿಸಿ ಇನ್ನೂ ಪೂರ್ಣವಾದ ಸತ್ಯವನ್ನು ಕಾಣಬೇಕೆಂಬುದು ಅದರ ಆಶಯವಾಗಿತ್ತು.

ಈ ಪಂಥದವರು ಅನುಸರಿಸಿದ ವಿಧಾನಗಳು ಕುತೂಹಲಕರವಾಗಿವೆ. ಯುದ್ಧದಲ್ಲಿ ಸೈನಿಕನಾಗಿದ್ದ ಜರ್ಮನಿಯ ಮ್ಯಾಕ್ಸ್ ಅರ್ನ್‌ಸ್ಟ್ ಮರದ ನೆಲಹಾಸಿನ ಮೇಲೆ ಕಾಗದವನ್ನಿಟ್ಟು, ಮಕ್ಕಳು ನಾಣ್ಯದ ಮೇಲೆ ಸೀಸದಕಡ್ಡಿಯನ್ನು ಉಜ್ಜುವಂತೆ ಉಜ್ಜಿ, ಮೂಡಿದ ಗೆರೆಗಳಲ್ಲಿ ಕಾಡುಗಳನ್ನೂ ಮೃಗಗಳನ್ನೂ ಕಂಡನು. ಮತ್ತೊಂದು ವಿಧಾನ ಒಂದು ಆಟ. ಒಬ್ಬನು ಕಾಗದದ ಮೇಲೆ ತಲೆಯನ್ನು ಬರೆದು ಮಡಿಸುವನು. ಅದನ್ನು ನೋಡದೆ ಎರಡನೆಯವನು ಮುಂಡವನ್ನು ಬರೆಯುವನು. ಮೂರನೆಯವನು ಕಾಲುಗಳನ್ನು ಬರೆಯುವನು. ಕಾಗದವನ್ನು ಬಿಡಿಸಿದಾಗ ಯಾರೂ ಊಹಿಸದ ಜೀವಿಯೊಂದು ಎದ್ದು ನಿಲ್ಲುವುದು.

ಸ್ಪೇನಿನ ಸಾಲ್ವದೋರ್ ದಾಲಿ 1931ರಲ್ಲಿ ಬರೆದ 'ನೆನಪಿನ ಸ್ಥಿರತೆ' ಎಂಬ ಚಿತ್ರ ಇಂದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಲೋಕಪ್ರಸಿದ್ಧವಾದರೂ ಅದು ಸುಮಾರು 24 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲದ ಪುಟ್ಟ ಚಿತ್ರ. ನಿರ್ಜನವಾದ ಕಡಲತಡಿಯಲ್ಲಿ ಮೂರು ಗಡಿಯಾರಗಳು ಬಿಸಿಲಿಗೆ ಕರಗಿದ ಬೆಣ್ಣೆಯಂತೆ ಜೋತುಬಿದ್ದಿವೆ; ನಾಲ್ಕನೆಯದನ್ನು ಇರುವೆಗಳು ಮುತ್ತಿವೆ. ಲೋಹದ ಗಡಿಯಾರ ಕರಗುವುದಿಲ್ಲ, ನಿಜ. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಒಂದು ಗಂಟೆ ನಿಮಿಷದಂತೆ ಓಡುವುದನ್ನೂ, ಕಾಯಿಲೆಯವರ ಹಾಸಿಗೆಯ ಬಳಿ ಒಂದು ನಿಮಿಷ ಗಂಟೆಯಂತೆ ಎಳೆಯುವುದನ್ನೂ ಅನುಭವಿಸದವರು ಯಾರು? ಬೆಲ್ಜಿಯಮ್ಮಿನ ರನೆ ಮಾಗ್ರಿತ್ 1929ರಲ್ಲಿ ತಂಬಾಕು ಸೇದುವ ಕೊಳವೆಯೊಂದನ್ನು ಇದ್ದ ಹಾಗೆಯೇ ಬರೆದು, ಕೆಳಗೆ ಇದು ಕೊಳವೆಯಲ್ಲವೆಂಬ ಅರ್ಥದ ಒಕ್ಕಣೆಯನ್ನು ಬರೆದನು. ಅದರಲ್ಲಿ ತಂಬಾಕು ತುಂಬಲು ಬರುವುದೆ? ಚಿತ್ರ ಬೇರೆ, ವಸ್ತು ಬೇರೆ ಎಂಬ ಸರಳ ಸತ್ಯವನ್ನು ಅವನು ಹೀಗೆ ನೆನಪಿಸಿದನು.

ನಮ್ಮ ಶಿಲ್ಪಿಗಳೂ ಅತಿವಾಸ್ತವವಾದಿಗಳೇ ಆಗಿದ್ದರೆಂದು ಇದರಿಂದ ತಿಳಿಯಬಾರದು. ಯಾಳಿಯನ್ನೂ ಮಕರವನ್ನೂ ಕೆತ್ತಿದವರು ಗುರುಪರಂಪರೆಯಿಂದ ಬಂದ ಲಕ್ಷಣಗಳನ್ನು ಅನುಸರಿಸಿದರು. ಅವರ ರೂಪಗಳ ಅರ್ಥ ಇಡೀ ಸಮುದಾಯಕ್ಕೆ ತಿಳಿದಿತ್ತು. ದಾಲಿ, ಅರ್ನ್‌ಸ್ಟ್ ಮೊದಲಾದವರಾದರೋ ತಮ್ಮೊಬ್ಬರ ಮನಸ್ಸಿನ ಆಳಕ್ಕೆ ಇಳಿದವರು. ಒಂದು ನಂಬಿಕೆಯ ಕಲೆ, ಇನ್ನೊಂದು ನಂಬಿಕೆ ಒಡೆದಾಗ ಹುಟ್ಟಿದ ಕಲೆ. ಎರಡಕ್ಕೂ ಸಮಾನವಾದುದು ಒಂದೇ: ಜೋಡಣೆಯ ಹಿಂದೆ ಹೇಳಲೇಬೇಕಾದ ಒಂದು ಮಾತು ಇತ್ತು. ಕನ್ನಡ ಸಾಹಿತ್ಯದಲ್ಲಿಯೂ ಇಂಥ ಜೋಡಣೆಗಳಿವೆ. ಅಲ್ಲಮಪ್ರಭುವಿನ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು ಹೊರನೋಟಕ್ಕೆ ಒಗಟಿನಂತಿದ್ದು ಒಳಗೆ ಅನುಭಾವವನ್ನು ಅಡಗಿಸಿಕೊಂಡಿವೆ. ಗಿರೀಶ ಕಾರ್ನಾಡರ 'ಹಯವದನ' ನಾಟಕದ ಕುದುರೆಮೋರೆಯ ಮನುಷ್ಯ, ಪೂರ್ಣತೆಗಾಗಿ ಹಂಬಲಿಸುವ ನಮ್ಮೆಲ್ಲರ ಪ್ರತಿನಿಧಿ.

ಈಗ ನಮ್ಮ ಕಾಲಕ್ಕೆ ಬರೋಣ. ಇಂದು ಇಂಥ ಚಿತ್ರಗಳನ್ನು ಗಣಕಯಂತ್ರಗಳೂ ರಚಿಸುತ್ತವೆ. 2015ರಲ್ಲಿ ಗೂಗಲ್ ಸಂಸ್ಥೆಯ ತಂತ್ರಜ್ಞರು 'ಡೀಪ್ ಡ್ರೀಮ್', ಅಂದರೆ ಆಳವಾದ ಕನಸು, ಎಂಬ ತಂತ್ರಾಂಶವನ್ನು ಪ್ರಕಟಿಸಿದರು. ಅದು ಮೋಡ, ಮರ ಮೊದಲಾದವುಗಳ ಚಿತ್ರದಲ್ಲಿಯೂ ನಾಯಿಯ ಮುಖಗಳನ್ನೂ ಕಣ್ಣುಗಳನ್ನೂ ಮೂಡಿಸುತ್ತಿತ್ತು. 2021ರಲ್ಲಿ ಓಪನ್ ಎಐ ಸಂಸ್ಥೆ, ಮಾತಿನಲ್ಲಿ ಹೇಳಿದುದನ್ನು ಚಿತ್ರವಾಗಿಸುವ 'ಡಾಲಿ' ಎಂಬ ತಂತ್ರಾಂಶವನ್ನು ಪರಿಚಯಿಸಿತು. ಕಲಾವಿದ ದಾಲಿಯ ಹೆಸರನ್ನೂ, 'ವಾಲ್-ಇ' ಚಲನಚಿತ್ರದ ಯಂತ್ರಮಾನವನ ಹೆಸರನ್ನೂ ಬೆಸೆದು ಈ ಹೆಸರನ್ನಿಟ್ಟರು. ಬೆಣ್ಣೆಹಣ್ಣಿನ ಆಕಾರದ ಕುರ್ಚಿಯನ್ನು ಬರೆಯೆಂದರೆ ಅದು ಬರೆದುಕೊಟ್ಟಿತು. ಇದೂ ಒಂದು ಮೊಲದ ಕೊಂಬೇ ಅಲ್ಲವೆ?

ಇಂದು ಬಳಕೆಯಲ್ಲಿರುವ ಇಂಥ ಅನೇಕ ಯಂತ್ರಗಳು ಕಲಿಯುವ ಬಗೆ ಹೀಗೆ: ವಿವರಣೆಗಳೊಡನೆ ಕೋಟ್ಯಂತರ ಚಿತ್ರಗಳನ್ನು ಅವಕ್ಕೆ ಒದಗಿಸುತ್ತಾರೆ. ಚಿತ್ರದ ಮೇಲೆ ಮರಳೆರಚಿದಂತೆ ಅಡ್ಡಾದಿಡ್ಡಿ ಚುಕ್ಕೆಗಳನ್ನು ಹಂತಹಂತವಾಗಿ ತುಂಬಿ, ಆ ಚುಕ್ಕೆಗಳನ್ನು ತೆಗೆಯುವುದನ್ನು ಕಲಿಸುತ್ತಾರೆ. ಕಲಿತ ಯಂತ್ರವು ಬರಿಯ ಚುಕ್ಕೆಗಳ ರಾಶಿಯಿಂದ ತೊಡಗಿ, ನಾವು ಹೇಳಿದ ಮಾತಿಗೆ ಹೊಂದುವ ಚಿತ್ರವನ್ನು ಸ್ವಲ್ಪಸ್ವಲ್ಪವಾಗಿ ಹೊರತೆಗೆಯುತ್ತದೆ. ಅದು ಬಳಸುವ ಜ್ಞಾನವೆಲ್ಲ ಮನುಷ್ಯರು ಬರೆದ, ತೆಗೆದ ಚಿತ್ರಗಳಿಂದ ಬಂದುದು. ತಮ್ಮ ಚಿತ್ರಗಳನ್ನು ಅನುಮತಿಯಿಲ್ಲದೆ ಬಳಸಿಕೊಂಡರೆಂದು ಹಲವು ಕಲಾವಿದರು ಆಕ್ಷೇಪಿಸಿರುವುದು ಈ ಕಾರಣದಿಂದಲೇ.

ಯಂತ್ರಕ್ಕೆ ಯಾವುದನ್ನಾದರೂ ಯಾವುದಕ್ಕಾದರೂ ಜೋಡಿಸಲು ಸಾಧ್ಯ, ಕ್ಷಣಮಾತ್ರದಲ್ಲಿ ಸಾಧ್ಯ. ಶೃಂಗೇರಿಯ ಶಿಲ್ಪಿ ಯಾಳಿಯ ಹಲ್ಲುಗಳ ನಡುವೆ ಉಳಿಯಿಳಿಸಿ, ಬಾಯಿಯೂ ಒಡೆಯದಂತೆ ಗುಂಡೂ ಒಡೆಯದಂತೆ ಬಿಡಿಸುವಾಗ ಎಷ್ಟು ದಿನ ಉಸಿರು ಬಿಗಿಹಿಡಿದನೋ! ಆದರೆ ಶ್ರಮ ಕಡಮೆಯಾದ ಮಾತ್ರಕ್ಕೆ ಯಂತ್ರದ ಚಿತ್ರ ಹೀನವೆಂದು ಹೇಳಲಾಗದು. ಛಾಯಾಚಿತ್ರ ಬಂದಾಗಲೂ ಜನರು ಹಾಗೆಯೇ ಅಂದಿದ್ದರು. ನಿಜವಾದ ಭೇದ ಬೇರೆಡೆ ಇದೆ. ಯಂತ್ರಕ್ಕೆ ನಿದ್ರೆಯಿಲ್ಲ, ಆದುದರಿಂದ ಎದೆ ಹೊಡೆದುಕೊಳ್ಳುತ್ತ ಎಚ್ಚರಗೊಳ್ಳುವುದೂ ಇಲ್ಲ. ಅದು ಯುದ್ಧವನ್ನು ಕಂಡು ನೊಂದಿಲ್ಲ. ಬಿಸಿಲಿನಲ್ಲಿ ಬಳಲುವ ಕಪ್ಪೆಗೆ ಮರುಗಿಲ್ಲ. ಹಾವಿನ ಹೆಡೆಯನ್ನು ಕಪ್ಪೆಯ ಮೇಲೆ ಬಿಡಿಸೆಂದರೆ ಬಿಡಿಸೀತು. ಬಿಡಿಸಬೇಕೆಂಬ ಹಂಬಲ ಮಾತ್ರ ಮನುಷ್ಯನಲ್ಲಿ ಹುಟ್ಟಬೇಕು. 'ಹೇಗೆ' ಎಂಬುದಕ್ಕೆ ಯಂತ್ರ ಉತ್ತರ ಕೊಡಬಲ್ಲದು. 'ಏಕೆ' ಎಂಬುದು ನಮ್ಮ ಪಾಲಿನ ಹೊಣೆ.

ಮತ್ತೊಂದು ಹೊಣೆಯೂ ಉಂಟು. ಕರಗುವ ಗಡಿಯಾರ ತಾನು ಲೋಕದಲ್ಲಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. ಮೊದಲ ನೋಟಕ್ಕೇ ಅದನ್ನು ಒಪ್ಪಿಕೊಂಡು, ಬಳಿಕ ಆಳದ ನಿಜವೊಂದನ್ನು ತೋರಿಸುತ್ತದೆ. ಮೋಸದ ಚಿತ್ರ ಹಾಗಲ್ಲ. ಅದು ಮೊಲದ ಕೊಂಬನ್ನು ಹಸುವಿನ ಕೊಂಬೆಂದು ಮಾರುತ್ತದೆ. 2023ರ ಮೇ ತಿಂಗಳಲ್ಲಿ ಅಮೆರಿಕದ ಸೇನಾ ಕೇಂದ್ರ ಕಚೇರಿಯಾದ ಪೆಂಟಗನ್ ಬಳಿ ಸ್ಫೋಟವಾಯಿತೆಂದು ತೋರಿಸುವ ನಕಲಿ ಚಿತ್ರವೊಂದು ಹರಡಿತು. ಸುಳ್ಳೆಂದು ಅಧಿಕಾರಿಗಳು ತಿಳಿಸುವುದರೊಳಗೆ ಅಲ್ಲಿನ ಷೇರುಪೇಟೆ ಸ್ವಲ್ಪ ಹೊತ್ತು ಕುಸಿಯಿತು. ಇಂಥ ಚಿತ್ರ ಒಬ್ಬರ ಮಾನವನ್ನು ಕಳೆಯಬಹುದು, ಒಂದು ಊರಿನಲ್ಲಿ ಕಲಹವನ್ನೆಬ್ಬಿಸಬಹುದು. ಚಿತ್ರವನ್ನು ವಸ್ತುವೆಂದು ನಂಬಬೇಡಿರೆಂದು ಮಾಗ್ರಿತ್ ನೀಡಿದ ಎಚ್ಚರಿಕೆ ಅವನ ಕಾಲಕ್ಕಿಂತ ನಮ್ಮ ಕಾಲಕ್ಕೆ ಹೆಚ್ಚು ಸಲ್ಲುತ್ತದೆ.

ವಿದ್ಯಾರ್ಥಿಗಳೇ, ವಿಚಿತ್ರವಾದ ಚಿತ್ರವನ್ನು ಕಂಡು ನಕ್ಕು ಮುಂದೆ ಹೋಗುವುದು ಸುಲಭ; ಬೆರಗಾಗಿ ಎಲ್ಲವನ್ನೂ ನಂಬುವುದು ಇನ್ನೂ ಸುಲಭ. ಇವೆರಡಕ್ಕಿಂತ ಉತ್ತಮವಾದ ಮಾರ್ಗವೊಂದಿದೆ: ನಿಂತು ನೋಡುವುದು. 'ಇದು ನನಗೆ ಒಂದು ಸತ್ಯವನ್ನು ಕಾಣಿಸುತ್ತಿದೆಯೆ, ಅಥವಾ ಸತ್ಯವನ್ನು ಮರೆಮಾಡುತ್ತಿದೆಯೆ?' ಎಂದು ಕೇಳಿಕೊಳ್ಳುವುದು. ಹೀಗೆ ಕೇಳಬಲ್ಲವರ ಕೈಯಲ್ಲಿ ಉಳಿಯಿರಲಿ, ಕುಂಚವಿರಲಿ, ಗಣಕಯಂತ್ರವಿರಲಿ, ಅದು ಕಲೆಯ ಉಪಕರಣವಾದೀತು. ಕಲ್ಲಿನ ಹೆಡೆಯೊಂದು ಇಷ್ಟು ಕಾಲ ಕಪ್ಪೆಗೆ ನೆರಳಾಗಿ ನಿಂತಿರುವುದು ಹಾವುಗಳ ಸ್ವಭಾವ ಬದಲಾಯಿತೆಂದಲ್ಲ; ಮನುಷ್ಯನ ಸ್ವಭಾವ ಬದಲಾಗಲೆಂದು.

ಪದಗಳ ಅರ್ಥ

ಐತಿಹ್ಯ – ಪರಂಪರೆಯಿಂದ ಹೇಳಿಕೊಂಡು ಬಂದ ಕಥೆ
ಯಾಳಿ – ಸಿಂಹವನ್ನು ಹೋಲುವ ಕಾಲ್ಪನಿಕ ಪ್ರಾಣಿ
ಪುಚ್ಛ – ಬಾಲ
ಒಕ್ಕಣೆ – ಬರೆಹ
ಮುಂಡಿಗೆ – ಗೂಢಾರ್ಥವುಳ್ಳ ಪದ್ಯ

ಅಭ್ಯಾಸ

1. 'ಶಶಶೃಂಗ'ವನ್ನು ತರ್ಕ ಬಲ್ಲವರು ಹೇಗೆ ಬಿಡಿಸಿ ತೋರಿಸುತ್ತಾರೆ?
2. ಅತಿವಾಸ್ತವವಾದದ ಹುಟ್ಟಿಗೆ ಮೊದಲನೆಯ ಮಹಾಯುದ್ಧ ಹೇಗೆ ಕಾರಣವಾಯಿತು?
3. ನಮ್ಮ ಶಿಲ್ಪಿಗಳ ಕಲೆಗೂ ದಾಲಿ ಮೊದಲಾದವರ ಕಲೆಗೂ ಇರುವ ಭೇದವನ್ನೂ ಸಾಮ್ಯವನ್ನೂ ಬರೆಯಿರಿ.
4. ಕರಗುವ ಗಡಿಯಾರದ ಚಿತ್ರಕ್ಕೂ ಮೋಸದ ಚಿತ್ರಕ್ಕೂ ವ್ಯತ್ಯಾಸವೇನು? ವಿವರಿಸಿರಿ.
5. ಸಂದರ್ಭದೊಡನೆ ವಿವರಿಸಿರಿ: "'ಏಕೆ' ಎಂಬುದು ನಮ್ಮ ಪಾಲಿನ ಹೊಣೆ."
6. ಮೂವರು ಸೇರಿ ಕಾಗದ ಮಡಿಸುವ ಆಟವನ್ನು ಆಡಿರಿ. ಮೂಡಿದ ಜೀವಿಗೆ ಒಂದು ಹೆಸರಿಟ್ಟು, ಅದು ಏನನ್ನು ಹೇಳುತ್ತಿದೆಯೆಂದು ಹತ್ತು ವಾಕ್ಯಗಳಲ್ಲಿ ಬರೆಯಿರಿ.
7. ನಿಮ್ಮ ಊರಿನ ದೇವಾಲಯ, ಮನೆಯ ಬಾಗಿಲುವಾಡ ಅಥವಾ ಯಕ್ಷಗಾನದ ವೇಷದಲ್ಲಿ ಕಾಣುವ ಒಂದು ಕೂಡುರೂಪವನ್ನು ಗಮನಿಸಿ ವರ್ಣಿಸಿರಿ.